ಲ್ಯಾಬಿನ ನಿಯಮ ಬಾಯಿಮಾತಿನಲ್ಲಿ ಬೇಡ

ಮಾನ್ಯ ಸಂಪಾದಕರೇ,

ನಮ್ಮ ವಿಶ್ವವಿದ್ಯಾಲಯಗಳ ವಿಜ್ಞಾನ ವಿಭಾಗಗಳಲ್ಲಿ ಪಿಎಚ್‌.ಡಿ.ಗೆ ಸೇರಿದವರಿಗೆ ಮೊದಲ ದಿನ ಸಿಗುವುದು ಒಂದು ಮೇಜು, ಒಂದು ಏಪ್ರನ್ನು, ‘ಸೀನಿಯರ್ ಹೇಳಿದ ಹಾಗೆ ಮಾಡು’ ಎಂಬ ಮಾತು. ಸಂಶೋಧನಾ ಪೇಪರಿನಲ್ಲಿ ಯಾರ ಹೆಸರು ಬರಬೇಕು, ರಜೆ ಎಷ್ಟು, ದೂರು ಯಾರಿಗೆ ಎಂಬುದೆಲ್ಲ ಗೈಡ್ ಮನಸ್ಸಿನಲ್ಲೇ ಇರುತ್ತದೆ. ಪ್ರತಿ ಲ್ಯಾಬೂ ಇವನ್ನು ಎರಡು ಪುಟದಲ್ಲಿ, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆದು, ಸೇರುವ ದಿನವೇ ಕೈಗೆ ಕೊಡಬೇಕು.

ಮೊದಲು ನೋಟ್‌ಬುಕ್. ತಕ್ಕಡಿಯ ಮುಂದೆ ಕಂಡ ಅಂಕಿಯನ್ನು ಗ್ಲೌಸ್ ಡಬ್ಬದ ಮೇಲೆ ಗೀಚಿ ಸಂಜೆ ಪುಸ್ತಕಕ್ಕೆ ಇಳಿಸುವ ರೂಢಿಯಿದೆ. ಇಳಿಸುವಾಗ ಗ್ರಾಫಿಗೆ ಒಗ್ಗದ ಅಂಕಿ ಸದ್ದಿಲ್ಲದೆ ಉದುರಿಹೋಗುತ್ತದೆ. ಮೋಸ ಮಾಡುವ ಉದ್ದೇಶ ಇರಬೇಕೆಂದೇನೂ ಇಲ್ಲ. ಪುಟಸಂಖ್ಯೆ ಅಚ್ಚಾದ, ಹೊಲಿದ ಪುಸ್ತಕವಿರಲಿ. ಪೆನ್ನಿನಲ್ಲೇ, ದಿನಾಂಕ ಹಾಕಿ ಬರೆಯಲಿ. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಹೊಡೆದು ಸಹಿ ಹಾಕಲಿ, ವೈಟ್ನರ್ ಬೇಡ. ಕೈಕೊಟ್ಟ ಪ್ರಯೋಗವೂ ದಾಖಲಾಗಲಿ. ಡಿಎನ್‌ಎ, ಪ್ರೋಟೀನುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್‌ನ ಚಿತ್ರವನ್ನು ಕತ್ತರಿಸುವ ಮೊದಲಿನ ಮೂಲ ಫೈಲು ಲ್ಯಾಬಿನ ಕಂಪ್ಯೂಟರಿನಲ್ಲಿ ಉಳಿಯಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಬೇರೆಯವರ ಬರಹದೊಂದಿಗೆ ಶೇ 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಪ್ರಬಂಧ ತಿದ್ದಿ ಕೊಡಬೇಕು, ಶೇ 60 ದಾಟಿದರೆ ನೋಂದಣಿಯೇ ರದ್ದು. ಆದರೆ ಹೋಲಿಕೆ ಹುಡುಕುವ ಸಾಫ್ಟ್‌ವೇರ್ ಹಿಡಿಯುವುದು ಕದ್ದ ವಾಕ್ಯವನ್ನು, ತಿದ್ದಿದ ಅಂಕಿಯನ್ನಲ್ಲ.

ಲೇಖಕರ ಪಟ್ಟಿಯನ್ನು ಪ್ರಯೋಗ ಶುರುವಾಗುವ ಮುನ್ನವೇ ಬರೆದಿಟ್ಟು, ಕೆಲಸ ಬದಲಾದಂತೆ ತಿದ್ದಿಕೊಳ್ಳಬೇಕು. ಜಾಗ ಕೊಟ್ಟದ್ದಕ್ಕೆ, ಅನುದಾನ ತಂದದ್ದಕ್ಕೆ ಕೃತಜ್ಞತೆ ಸಲ್ಲಬೇಕು, ಅಷ್ಟರಿಂದಲೇ ಲೇಖಕರಾಗುವುದಿಲ್ಲ.

ಭಾಷೆಯ ವಿಷಯವನ್ನು ಸುರಕ್ಷತೆಯ ವಿಷಯವೆಂದೇ ನೋಡಬೇಕು. ಗಾಜಿನ ಸಾಮಾನು ತೊಳೆಯುವ, ತ್ಯಾಜ್ಯದ ಕ್ಯಾನು ಎತ್ತಿಡುವ ಅಟೆಂಡರ್‌ಗೆ ಇಂಗ್ಲಿಷ್ ಲೇಬಲ್ ಓದಲು ಬಾರದಿದ್ದರೆ ಏನಾಗುತ್ತದೆ? ನೈಟ್ರಿಕ್ ಆಮ್ಲದ ಉಳಿಕೆ ಅಸಿಟೋನ್ ಕ್ಯಾನಿಗೆ ಬಿದ್ದರೆ ಬಿಸಿಯೇರಿ, ಅನಿಲ ತುಂಬಿ, ಮುಚ್ಚಿದ ಕ್ಯಾನು ಸಿಡಿಯಬಹುದು. ‘ಇದಕ್ಕೆ ಆಮ್ಲ ಹಾಕಬೇಡಿ’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಅಂಟಿಸಲು ಐದು ನಿಮಿಷ ಸಾಕು. ಕನ್ನಡ ಮಾಧ್ಯಮದಿಂದ ಬಂದ ಸ್ಕಾಲರ್ ವಾರದ ಸಭೆಯಲ್ಲಿ ಬಾಯಿ ಬಿಡದೆ ಕೂರುವುದಕ್ಕೂ ಕಾರಣ ಬಹಳ ಸಲ ಇಂಗ್ಲಿಷಿನ ಅಂಜಿಕೆಯೇ. ಸ್ಲೈಡು ಇಂಗ್ಲಿಷಿನಲ್ಲಿರಲಿ, ವಿವರಣೆ ಕನ್ನಡದಲ್ಲಿ ನಡೆಯಲಿ.

2022ರ ಯುಜಿಸಿ ನಿಯಮಾವಳಿ ಮಹಿಳಾ ಸ್ಕಾಲರ್‌ಗಳಿಗೆ ಪಿಎಚ್‌.ಡಿ. ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೆ ಅವಕಾಶ ಕೊಟ್ಟಿದೆ. ರಜೆ ಸಿಕ್ಕರೂ, ಮರಳಿ ಬರುವಷ್ಟರಲ್ಲಿ ಅವರ ವಿಷಯ ಇನ್ನೊಬ್ಬರ ಕೈಸೇರಿದ್ದರೆ ಏನು ಬಂತು? ಆ ದಿನಗಳಲ್ಲಿ ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳ ಕಲ್ಚರ್ ನೋಡಿಕೊಳ್ಳುವವರು ಯಾರು, ಪೇಪರಿನಲ್ಲಿ ಮೊದಲ ಹೆಸರು ಯಾರದು ಎಂಬುದು ರಜೆಗೆ ಮುಂಚೆಯೇ ಬರಹದಲ್ಲಿರಬೇಕು. ಗರ್ಭಿಣಿಯರಿಗೆ ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕದ ಕೆಲಸ ಬದಲಿಸಿಕೊಡುವುದೂ ಅದೇ ಹಾಳೆಯಲ್ಲಿ ಬರಲಿ. ಗಾಲಿಕುರ್ಚಿ ಬಳಸುವವರಿಗಾಗಿ ಕೆಳಗೆ ಮಂಡಿಗೆ ಜಾಗವಿರುವ, ಸುಮಾರು 75 ಸೆಂ.ಮೀ. ಎತ್ತರದ ಒಂದು ಮೇಜಾದರೂ ಬೇಕು.

ಸಹಿಗೆ ಗೈಡನ್ನೇ ನೆಚ್ಚಿಕೊಂಡ ಸ್ಕಾಲರ್, ಗೈಡ್ ಮೇಲೆ ಗೈಡ್‌ಗೇ ದೂರು ಕೊಡಲಾರರು. ಬೇರೆ ವಿಭಾಗದ ಒಬ್ಬ ಅಧ್ಯಾಪಕರ ಹೆಸರನ್ನು, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಯ ಸಂಪರ್ಕ ಸಂಖ್ಯೆಯನ್ನು ಆ ಹಾಳೆಯಲ್ಲೇ ನಮೂದಿಸಬೇಕು. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದಿಡುವ ಪ್ರಗತಿ ವರದಿಗೆ, ಗೈಡ್ ಮತ್ತು ಸ್ಕಾಲರ್ ಇಬ್ಬರ ಸಹಿಯಿರುವ ಈ ಎರಡು ಪುಟ ಲಗತ್ತಿಸುವುದನ್ನು ಕುಲಸಚಿವರು ಕಡ್ಡಾಯ ಮಾಡಲಿ.

– ವಿಜ್ಞಾನ ಅಧ್ಯಾಪಕರು, ಧಾರವಾಡ