ಗೋಡೆ ಕುಸಿತದ ಕ್ಲೇಮ್ ಬಗ್ಗೆ ಕೊನೆಯ ದೂರು

ಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಬೆಂಗಳೂರು ಪ್ರಾದೇಶಿಕ ಕಚೇರಿ

ಮಾನ್ಯರೇ,

ಹನ್ನೊಂದು ಸಲ ಫೋನ್ ಮಾಡಿ, ಮೂರು ಸಲ ನಿಮ್ಮ ಕಚೇರಿಗೆ ಅಲೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕತ್ರಿಗುಪ್ಪೆಯಲ್ಲಿ ನಾನು ಕಟ್ಟುತ್ತಿರುವ ಮನೆಗೆ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ, ಅಂದರೆ ಕಟ್ಟಡ ಕೆಲಸದಲ್ಲಿ ಆಗುವ ಹಾನಿಯ ವಿಮೆ, ಕೊಟ್ಟವರು ನೀವೇ. ಬೇಸ್‌ಮೆಂಟಿಗೆ ಹತ್ತಡಿ ಅಗೆದಿದ್ದೆವು. ಕಳೆದ ತಿಂಗಳ ಮೊದಲ ಭಾನುವಾರ ರಾತ್ರಿಯ ಮಳೆಗೆ ಮಣ್ಣು ಜರಿದು, ಪಕ್ಕದವರ ಕಾಂಪೌಂಡ್ ಗೋಡೆ ಇಪ್ಪತ್ತೆರಡು ಅಡಿಯಷ್ಟು ಗುಂಡಿಗೆ ಬಿತ್ತು. ಆ ಮನೆಯ ಅಜ್ಜಿಯ ತುಳಸಿಕಟ್ಟೆಯೂ ಅದರ ಜೊತೆ ಹೋಯಿತು. ಬೆಳಿಗ್ಗೆಯೇ ನಿಮಗೆ ತಿಳಿಸಿದೆ. ಹಾನಿ ಅಳೆಯುವ ಸರ್ವೇಯರ್ ನೋಡುವ ತನಕ ಏನನ್ನೂ ಮುಟ್ಟಬೇಡಿ ಎಂದಿರಿ. ಅವರು ಬಂದದ್ದು ಒಂಬತ್ತನೇ ದಿನ. ಅಷ್ಟೂ ದಿನ ಅಜ್ಜಿಯ ಹಿತ್ತಲು ಗುಂಡಿಯ ಬಾಯಿಗೆ ತೆರೆದುಕೊಂಡಿತ್ತು, ಅಡ್ಡಕ್ಕೆ ಒಂದು ಟಾರ್ಪಾಲು. ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) 2024ರ ಸುತ್ತೋಲೆ ಹೇಳುವುದು ನಿಮಗೆ ಗೊತ್ತೇ ಇದೆ.

ಕಳೆದ ಗುರುವಾರ ಅಜ್ಜಿಯ ಮಗನನ್ನು ಜೊತೆಗೆ ಕರೆದುಕೊಂಡೇ ಬಂದೆ. ನನ್ನ ಮಾತನ್ನು ಅವರು ನಂಬುವುದನ್ನೇ ಬಿಟ್ಟಿದ್ದರು. ನಿಮ್ಮ ಕ್ಲೇಮ್ ಅಧಿಕಾರಿ ಫೈಲ್ ತೆಗೆಯಲಿಲ್ಲ, ಕೂರಿ ಅನ್ನಲೂ ಇಲ್ಲ. 'ಏನ್ ಮೇಸ್ತ್ರಿ, ಮತ್ತೆ ಬಂದ್ರಾ?' ಅಂದರು. ನಮ್ಮಪ್ಪ ಮೇಸ್ತ್ರಿಯೇ, ಆ ಪದದಿಂದ ನನಗೆ ಅವಮಾನವಿಲ್ಲ. ಅವರು ಅಂದ ಧಾಟಿಯಿಂದ ಆಯಿತು. 'ಆಧಾರ ಸಡಿಲವಾಗಿ ಪಕ್ಕದ ಕಟ್ಟಡ ಬಿದ್ರೆ ಕವರ್ ಇಲ್ಲ. ಪಾಲಿಸಿ ಓದಿದೀರಾ?' ಎಂದರು. ಓದಿದ್ದೇನೆ ಸಾರ್, ಅದಕ್ಕೇ ಹೆಚ್ಚುವರಿ ಪ್ರೀಮಿಯಂ ಕಟ್ಟಿ, ಅದನ್ನೂ ಕವರ್‌ಗೆ ಸೇರಿಸುವ ಎಂಡಾರ್ಸ್‌ಮೆಂಟ್ ತಗೊಂಡಿದ್ದೇನೆ ಎಂದು ಆ ಪುಟ ತೋರಿಸಿದೆ. ಕಣ್ಣೆತ್ತಿಯೂ ನೋಡದೆ, 'ಹಳೇ ಗೋಡೆ, ಇವತ್ತಲ್ಲ ನಾಳೆ ಬೀಳ್ತಿತ್ತು' ಎಂದರು. ಅಗೆಯುವ ಮೊದಲು ಎಂಜಿನಿಯರ್ ಬರೆದುಕೊಟ್ಟ ಗೋಡೆಯ ಸ್ಥಿತಿ ವರದಿ, ಮೂವತ್ತೆರಡು ಫೋಟೊ ಮೇಜಿನ ಮೇಲಿಟ್ಟೆ. ಈ ವರದಿ ನೀವೇ ಹಾಕಿದ ಷರತ್ತು. ಅವರು ಅದರ ಮೇಲೆ ಟೀ ಲೋಟ ಇಟ್ಟರು. ಎದ್ದು ಬರುವಾಗ ಅಜ್ಜಿಯ ಮಗ, 'ಇನ್ಶೂರೆನ್ಸ್ ಇದೆ ಅಂತ ನಮ್ಗೆ ಸುಳ್ಳು ಹೇಳಿದ್ರಾ?' ಎಂದು ಕೇಳಿದರು. ಇಪ್ಪತ್ತು ವರ್ಷದ ಕೆಲಸದಲ್ಲಿ ಈ ಮಾತು ನಾನು ಯಾರಿಂದಲೂ ಕೇಳಿಸಿಕೊಂಡವನಲ್ಲ.

ಕ್ಲೇಮ್ ತಿರಸ್ಕರಿಸುವುದಿದ್ದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರವಣಿಗೆಯಲ್ಲಿ ಕೊಡಿ. ಟೀ ಕುಡಿಯುತ್ತಾ ಬಾಯಲ್ಲಿ ಹೇಳಿದ್ದು ನಿರ್ಧಾರವಲ್ಲ. ಸರ್ವೇ ವರದಿ ಕೈಸೇರಿದ ಏಳು ದಿನದೊಳಗೆ ತೀರ್ಮಾನ ತಿಳಿಸಬೇಕು. ವರದಿಯ ಪ್ರತಿ ನನಗೂ ಬೇಕು.

ಗೋಡೆಯನ್ನು ಸೋಮವಾರದಿಂದ ನನ್ನ ದುಡ್ಡಲ್ಲೇ ಕಟ್ಟಿಸುತ್ತೇನೆ, ತುಳಸಿಕಟ್ಟೆ ಸಮೇತ. ಸರ್ವೇಯರ್ ಅಳತೆ ಮುಗಿಸಿದ್ದಾರೆ, ಇನ್ನು ಕಾಯಲಾರೆ. ಅದರ ಬಿಲ್ಲು ನಿಮಗೇ ಬರುತ್ತದೆ. ನಾನು ಒಬ್ಬನೇ ಮಾಲೀಕನಾಗಿ ವ್ಯವಹಾರ ಮಾಡುವವನು, ಹಾಗಾಗಿ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಜೆ.ಪಿ. ನಗರದ ವಿಮಾ ಓಂಬುಡ್ಸ್‌ಮನ್ ಬಾಗಿಲು ನನಗೂ ತೆರೆದಿದೆ. ಈ ಪತ್ರ ತಲುಪಿ ಒಂದು ತಿಂಗಳಾದ ಮರುದಿನ ಬೆಳಿಗ್ಗೆ ಅಲ್ಲಿರುತ್ತೇನೆ, ಟೀ ಲೋಟದ ಕಲೆ ಬಿದ್ದ ಅದೇ ವರದಿಯ ಸಮೇತ. ಉಳಿದ ಎರಡು ಸೈಟುಗಳ ಪಾಲಿಸಿ, ಕೂಲಿಯಾಳುಗಳ ಪಾಲಿಸಿ ಎಲ್ಲ ನಿಮ್ಮಲ್ಲೇ ಇವೆ. ಒಂದನ್ನೂ ನವೀಕರಿಸುವುದಿಲ್ಲ.

ಇಂತಿ,
ನಿಮ್ಮ ಪಾಲಿಸಿದಾರ, ಸಿವಿಲ್ ಗುತ್ತಿಗೆದಾರ
ಬನಶಂಕರಿ 3ನೇ ಹಂತ, ಬೆಂಗಳೂರು