ಬ್ಯಾನರ್ ಪ್ರಿಂಟಿಗೆ ಹೋಗುವ ಮೊದಲು

ಎಲ್ಲರಿಗೂ ನಮಸ್ಕಾರ. ಭಾನುವಾರ ಬದಿಯಡ್ಕದಲ್ಲಿ ಮಕ್ಕಳಿಗೆ ನೋಟ್‌ಬುಕ್, ಪೆನ್ನು ಹಂಚುವುದಿದೆಯಲ್ಲ, ಅದರ ಬಟ್ಟೆ ಬ್ಯಾನರಿನ ಡಿಸೈನ್ ನಿನ್ನೆ ರಾತ್ರಿ ಈ ಗ್ರೂಪಿನಲ್ಲಿ ಬಂತು. ಕನ್ನಡ ಸರಿ ಇದೆ, ಮಲಯಾಳವೂ ಸರಿ. ಇಂಗ್ಲಿಷಿನ ‘ಸ್ಟೇಷನರಿ’ಯಲ್ಲಿ ಮಾತ್ರ ಒಂದಕ್ಷರ ತಪ್ಪಿದೆ. ಮೊದಲು ಥಂಬ್ಸ್ ಅಪ್ ಒತ್ತಿದವನು ನಾನೇ, ಬೈಯುವುದಾದರೆ ನನಗೇ ಬೈಯಿರಿ.

ಇಂಗ್ಲಿಷಿನಲ್ಲಿ ‘ಸ್ಟೇಷನರಿ’ ಎಂಬ ಶಬ್ದಗಳು ಎರಡಿವೆ, stationary ಮತ್ತು stationery. ಎರಡರ ಉಚ್ಚಾರವೂ ಒಂದೇ, ಕಿವಿಗೆ ಗೊತ್ತಾಗುವುದಿಲ್ಲ. ಕೊನೆಯ ಮೂರಕ್ಷರ ನೋಡಿ. ಎ-ಆರ್-ವೈ ಬಂದರೆ ನಿಂತಲ್ಲೇ ನಿಂತದ್ದು, ಕುಂಬಳೆ ಪೇಟೆಯಲ್ಲಿ ಬ್ಲಾಕ್ ಆದ ಬಸ್ಸಿನ ಹಾಗೆ. ಇ-ಆರ್-ವೈ ಬಂದರೆ ಕಾಗದ, ಪೆನ್ನು, ರಬ್ಬರ್. ಎನ್ವಲಪ್ ಶುರುವಾಗುವುದೂ ಇ-ಯಿಂದಲೇ, ಅಷ್ಟು ನೆನಪಿಟ್ಟರೆ ಸಾಕು. ಈಗಿನ ಬ್ಯಾನರ್ ಪ್ರಕಾರ ನಾವು ಹಂಚುವುದು ಅಲುಗಾಡದ ಸಾಮಾನು!

ಮಜಾ ಏನೆಂದರೆ ಎರಡಕ್ಕೂ ಬೇರು ಒಂದೇ. ಹಿಂದೆ ಯುರೋಪಿನಲ್ಲಿ ತಲೆಹೊರೆ ಹೊತ್ತು ಊರೂರು ತಿರುಗಿ ಮಾರುವವರಿದ್ದರು. ಹಾಗೆ ತಿರುಗದೆ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುವವನು ‘ಸ್ಟೇಷನರ್’. ಲಂಡನ್ನಿನಲ್ಲಿ 1403ರಲ್ಲೇ ಅವರ ಸಂಘ ಹುಟ್ಟಿತ್ತು.

ಪ್ರಿಂಟಿನವರಿಗೆ ನಾನು ಹೇಳುತ್ತೇನೆ. ಬೇರೆ ತಪ್ಪು ಕಂಡರೆ ಸಂಜೆ 5ರೊಳಗೆ ತಿಳಿಸಿ. ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಫೋಟೋ ಬೇಡ, ಇದು ಮೇಲೆ ಹೋಗಿಬಿಡುತ್ತದೆ.