ಯಂತ್ರಕ್ಕೆ ಕೋಟಿ ಇದೆ, ಹೀಲಿಯಂಗೆ ಕಾಸಿಲ್ಲ

ಸಂಪಾದಕರೇ,

ಮೈಸೂರಿನ ಮಾನಸಗಂಗೋತ್ರಿಯ ವಿಜ್ಞಾನ ಭವನವಿರಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರವಿರಲಿ, ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಆವರಣದ ಮೈಕ್ರೊಟ್ರಾನ್ (ಎಲೆಕ್ಟ್ರಾನ್ ವೇಗವರ್ಧಕ) ಕೇಂದ್ರವಿರಲಿ, ಎಲ್ಲ ವಿಭಾಗಗಳಿಗೂ ಸೇರಿದ ಇಂಥ ಉಪಕರಣ ಕೇಂದ್ರಗಳ ಹಿಂದಿರುವ ಲೆಕ್ಕಾಚಾರ ಒಂದೇ. ವಿಭಾಗಕ್ಕೊಂದರಂತೆ ಕೋಟಿ ಬೆಲೆಯ ಯಂತ್ರ ಕೊಡಿಸಲು ಆಗುವುದಿಲ್ಲ. ರಸಾಯನ ವಿಜ್ಞಾನದವರು, ಸಸ್ಯಶಾಸ್ತ್ರದವರು, ಭೂವಿಜ್ಞಾನದವರು ಒಂದೇ ಬಾಗಿಲಿಗೆ ಸ್ಯಾಂಪಲ್ ತರಲಿ ಎಂಬುದು. ಲೆಕ್ಕ ಸರಿಯೇ ಇದೆ. ತಪ್ಪಿರುವುದು ದುಡ್ಡು ಕೊಡುವ ಕ್ರಮದಲ್ಲಿ. ಕಟ್ಟಡಕ್ಕೂ ಖರೀದಿಗೂ ಅನುದಾನ ಬರುತ್ತದೆ. ಯಂತ್ರ ನಡೆಸುವ ಖರ್ಚನ್ನು ಮಾತ್ರ ವಿಶ್ವವಿದ್ಯಾಲಯವೇ ಹೇಗೋ ಹೊಂದಿಸಿಕೊಳ್ಳಬೇಕು.

ಬಲವಾದ ಆಯಸ್ಕಾಂತದ ನೆರವಿನಿಂದ ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಯಂತ್ರವನ್ನೇ ನೋಡಿ. 400 ಮೆಗಾಹರ್ಟ್ಸ್ ಯಂತ್ರವೆಂದರೆ ಒಳಗೆ 9.4 ಟೆಸ್ಲಾ ಬಲದ ಆಯಸ್ಕಾಂತ. ಅದರ ನಯೋಬಿಯಂ-ಟೈಟಾನಿಯಂ ಸುರುಳಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರಬೇಕು. ಅದರ ಸುತ್ತ ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಒಮ್ಮೆ ಹರಿಸಿದ ಕರೆಂಟು ಸುರುಳಿಯಲ್ಲಿ ವರ್ಷಗಟ್ಟಲೆ ತಾನಾಗಿ ಸುತ್ತುತ್ತಿರುತ್ತದೆ, ಲೈನ್ ಹೋದರೂ ಆಯಸ್ಕಾಂತಕ್ಕೆ ಏನೂ ಆಗದು. ತಂಪು ತಪ್ಪಿದರೆ ಆಗುತ್ತದೆ. ಸಾರಜನಕವನ್ನು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ, ಹೀಲಿಯಂ ಅನ್ನು ಯಂತ್ರದ ಮಾದರಿಗೆ ತಕ್ಕಂತೆ ಕೆಲವು ತಿಂಗಳಿಗೊಮ್ಮೆ ತುಂಬಲೇಬೇಕು. ಒಂದೂ ಸ್ಯಾಂಪಲ್ ಹಾಕದಿದ್ದರೂ ಅದು ಆವಿಯಾಗುತ್ತಲೇ ಇರುತ್ತದೆ. ದಸರಾ ರಜೆ, ಬೇಸಿಗೆ ರಜೆ ಅದಕ್ಕಿಲ್ಲ.

ತುಂಬುವುದಾದರೂ ಬಿಂದಿಗೆಗೆ ನೀರು ಹೊಯ್ದಂತಲ್ಲ. ವರ್ಗಾವಣೆ ಕೊಳವೆಯ ಒಂದು ತುದಿಯನ್ನು ಹೀಲಿಯಂ ತುಂಬಿ ತರುವ ಡೀವಾರ್ ಎಂಬ ಶೀತಪಾತ್ರೆಯೊಳಕ್ಕೆ ನಿಧಾನವಾಗಿ ಇಳಿಸಬೇಕು. ಇನ್ನೊಂದು ತುದಿಯಿಂದ ಮೊದಲು ಬರುವುದು ಬೆಚ್ಚಗಿನ ಅನಿಲ. ಬಿಳಿ ನಾಲಿಗೆಯಂಥ ಧಾರೆ ಚಾಚುವವರೆಗೆ ಕಾದು, ಆಮೇಲಷ್ಟೇ ಅದನ್ನು ಆಯಸ್ಕಾಂತಕ್ಕೆ ಇಳಿಸಬೇಕು. ಅವಸರ ಮಾಡಿದರೆ ಆ ಬೆಚ್ಚಗಿನ ಅನಿಲವೇ ಒಳಗೆ ಉಳಿದಿದ್ದ ದ್ರವವನ್ನು ಕುದಿಸಿ ಹೊರಗಟ್ಟುತ್ತದೆ. ಮುಚ್ಚಳದ ಓ-ರಿಂಗ್ (ಗಾಳಿ ಒಳಹೋಗದಂತೆ ತಡೆಯುವ ರಬ್ಬರ್ ಉಂಗುರ) ಸವೆದಿದ್ದರೆ ತೇವದ ಗಾಳಿ ಒಳಹೊಕ್ಕು ಕುತ್ತಿಗೆಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಆವಿಗೆ ದಾರಿಯಿಲ್ಲದೆ ಒತ್ತಡ ಏರುತ್ತದೆ. ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡವರು ಈ ಓ-ರಿಂಗ್ ನೋಡಿರಲಾರರು. ಬೆಲೆ ಅಷ್ಟು ಕಡಿಮೆ. ದ್ರವದ ಮಟ್ಟ ಇಳಿದು ಸುರುಳಿ ಬಿಸಿಯಾದರೆ ಆಗುವುದೇ ಕ್ವೆಂಚ್. ಉಳಿದ ಹೀಲಿಯಂ 700 ಪಟ್ಟಿಗೂ ಹೆಚ್ಚು ಹಿಗ್ಗಿ ಕೋಣೆ ತುಂಬುತ್ತದೆ, ಕಿಟಕಿ ಮುಚ್ಚಿದ್ದರೆ ಒಳಗಿದ್ದವರಿಗೆ ಉಸಿರಾಡಲು ಆಮ್ಲಜನಕ ಉಳಿಯುವುದಿಲ್ಲ. ಯಂತ್ರವನ್ನು ಮತ್ತೆ ಎಬ್ಬಿಸಲು ನೂರಾರು ಲೀಟರ್ ಹೀಲಿಯಂ ಬೇಕು, ಕಂಪನಿಯ ಎಂಜಿನಿಯರ್ ಬರಬೇಕು. ನಮ್ಮ ದೇಶಕ್ಕೆ ಹೀಲಿಯಂ ಬಹುಪಾಲು ಆಮದಾಗಿಯೇ ಬರುವುದರಿಂದ ಬೇಕೆಂದ ದಿನ ಸಿಗುವ ಭರವಸೆಯೂ ಇಲ್ಲ. ಇಂಥ ವಸ್ತುವಿನ ಕಡತ ಹಣಕಾಸು ವಿಭಾಗದಲ್ಲಿ ಮೂರು ವಾರ ಕೂತರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇಂಥ ಖರ್ಚಿಗೆ ಬೇಗ ಒಪ್ಪಿಗೆ ಕೊಡಲು ಟೆಂಡರ್ ಕಾಯ್ದೆ ಅಡ್ಡಿ ಎನ್ನುವುದು ಅರ್ಧ ಸತ್ಯ. ಒಂದೇ ಮೂಲದಿಂದ ಮಾತ್ರ ಸಿಗುವ ಸರಕು ಮತ್ತು ಸೇವೆಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ 4ನೇ ಸೆಕ್ಷನ್ನಿನಲ್ಲೇ ದಾರಿಯಿದೆ. ತಯಾರಕರ ವಾರ್ಷಿಕ ನಿರ್ವಹಣಾ ಒಪ್ಪಂದ ಬಹುತೇಕ ಅದೇ ಬಗೆಯದು. ಆದರೆ ಆ ಒಪ್ಪಂದಕ್ಕೆ ವರ್ಷಕ್ಕೆ ಯಂತ್ರದ ಬೆಲೆಯ ಹೆಚ್ಚೂಕಡಿಮೆ ಶೇ 5ರಿಂದ 10ರಷ್ಟು ತಗಲುತ್ತದೆ, ಅದರ ಮೇಲೆ ಜಿಎಸ್‌ಟಿ. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳಿಗಿದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ ದರವೂ 2022ರ ಜುಲೈ 18ರಿಂದ ಹೋಗಿದೆ. ಹಾಗಾಗಿ ಖರೀದಿಯ ಟೆಂಡರಿನಲ್ಲೇ ವಾರಂಟಿ ಮುಗಿದ ಮೇಲಿನ ಐದು ವರ್ಷದ ನಿರ್ವಹಣಾ ದರವನ್ನೂ ಕೇಳಿ, ಎರಡನ್ನೂ ಕೂಡಿಸಿಯೇ ಕಡಿಮೆ ಬೆಲೆ ಯಾರದೆಂದು ತೀರ್ಮಾನಿಸಬೇಕು. ಬಿಡಿಭಾಗಗಳ ಖಾತರಿಯನ್ನೂ ಬರೆಸಿಕೊಳ್ಳಬೇಕು. ಏಕೆಂದರೆ ತಯಾರಕರೇ ಹಿಂದೆ ಸರಿಯುವುದುಂಟು: ಅಜಿಲೆಂಟ್‌ನಂಥ ದೊಡ್ಡ ಕಂಪನಿಯೇ 2014ರಲ್ಲಿ ಎನ್‌ಎಂಆರ್ ವ್ಯವಹಾರ ಮುಚ್ಚುವುದಾಗಿ ಘೋಷಿಸಿತು.

ಇನ್ನು ಯಂತ್ರದ ಮುಂದೆ ಕೂರುವವರು. ಬೇರೆ ಬೇರೆ ಶಾಸ್ತ್ರದವರು ಒಂದೆಡೆ ಸೇರುವ ಕಡೆ ಯಂತ್ರ ಕೆಡುವುದು ಹೆಚ್ಚಾಗಿ ಸ್ಯಾಂಪಲ್‌ನಿಂದ. ಗಿಡಮೂಲಿಕೆಯ ಕಷಾಯವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸದೆ, ಫಾಸ್ಫೇಟ್ ಬಫರಿನಲ್ಲೇ (ಆಮ್ಲೀಯತೆ ಸ್ಥಿರವಾಗಿಡುವ ದ್ರಾವಣ) ಎಲ್‌ಸಿ-ಎಂಎಸ್‌ಗೆ, ಅಂದರೆ ಮಿಶ್ರಣವನ್ನು ಬೇರ್ಪಡಿಸಿ ಅಣುಗಳ ತೂಕ ಅಳೆಯುವ ಯಂತ್ರಕ್ಕೆ, ಕೊಟ್ಟರೆ ಆವಿಯಾಗದ ಉಪ್ಪು ಅಣುಗಳಿಗೆ ವಿದ್ಯುದಾವೇಶ ಕೊಡುವ ಅಯಾನು ಮೂಲದಲ್ಲಿ ಗಟ್ಟಿ ಕೂರುತ್ತದೆ. ಆವಿಯಾಗುವ ಅಮೋನಿಯಂ ಫಾರ್ಮೇಟ್ ಬಳಸಿದ್ದರೆ ತೊಂದರೆಯಿರಲಿಲ್ಲ. ಸರಿಯಾಗಿ ಒಣಗದ ಮಣ್ಣನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟರೆ ನಿರ್ವಾತವೇ ಬರುವುದಿಲ್ಲ. ಕಾಂತೀಯ ಪುಡಿಯನ್ನು ಅಂಟಿಸದೆ ಇಟ್ಟರಂತೂ ಅದು ಎದ್ದು ಲೆನ್ಸಿಗೇ ಹತ್ತುತ್ತದೆ. ಕರಾವಳಿಯ ಜುಲೈನಲ್ಲಿ ಎಫ್‌ಟಿಐಆರ್‌ಗೆಂದು (ಅವಗೆಂಪು ಬೆಳಕಿನಿಂದ ಅಣುವಿನ ಗುಂಪುಗಳನ್ನು ಗುರುತಿಸುವ ಯಂತ್ರ) 1-2 ಮಿಲಿಗ್ರಾಂ ಸ್ಯಾಂಪಲ್ಲನ್ನು 200 ಮಿಲಿಗ್ರಾಂ ಪೊಟ್ಯಾಸಿಯಂ ಬ್ರೋಮೈಡಿನಲ್ಲಿ ಅರೆಯುವಷ್ಟರಲ್ಲಿ ಪುಡಿ ಗಾಳಿಯ ನೀರು ಹೀರಿರುತ್ತದೆ. ಯಂತ್ರ ಬಿಡಿಸುವ ರೇಖಾಚಿತ್ರದಲ್ಲಿ ಸೆಂಟಿಮೀಟರಿಗೆ 3400 ಅಲೆಗಳ ಆಸುಪಾಸಿನಲ್ಲಿ ನೀರಿನಿಂದಾಗಿ ಅಗಲವಾದ ಗುಡ್ಡ ಏಳುತ್ತದೆ, ವಿದ್ಯಾರ್ಥಿ ಅದನ್ನೇ ಹೈಡ್ರಾಕ್ಸಿಲ್ ಗುಂಪು ಎಂದು ಪ್ರಬಂಧದಲ್ಲಿ ಬರೆಯುತ್ತಾನೆ. ಪುಡಿಯನ್ನು 110 ಡಿಗ್ರಿಯಲ್ಲಿ ಒಣಗಿಸಿ, ಬರಿಯ ಬ್ರೋಮೈಡ್ ಬಿಲ್ಲೆಯನ್ನು ಮೊದಲು ಓಡಿಸಿ ನೋಡು ಎನ್ನಲು ಅನುಭವಸ್ಥ ಆಪರೇಟರ್ ಇರಬೇಕು. ಹನ್ನೊಂದು ತಿಂಗಳ ಗುತ್ತಿಗೆಯವರು ಯಂತ್ರದ ಗುಣ ತಿಳಿಯುವ ಹೊತ್ತಿಗೆ ಬೇರೆ ಕೆಲಸ ಹುಡುಕಿಕೊಂಡು ಹೊರಟಿರುತ್ತಾರೆ, ಅವರನ್ನು ದೂರುವಂತಿಲ್ಲ. ದೊಡ್ಡ ಯಂತ್ರಕ್ಕೊಂದು ಕಾಯಂ ತಾಂತ್ರಿಕ ಹುದ್ದೆ ಮಂಜೂರಾಗದೆ ಖರೀದಿಗೆ ಒಪ್ಪಿಗೆ ಕೊಡಬಾರದು.

2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆಗೊಂಡ ಐ-ಸ್ಟೆಮ್ ಜಾಲತಾಣದ ಮೂಲಕ ಹೊರಗಿನ ಕಾಲೇಜುಗಳೂ ಉದ್ಯಮಗಳೂ ಇಂಥ ಯಂತ್ರಗಳಲ್ಲಿ ಸಮಯ ಕಾದಿರಿಸಬಹುದು. ಹಾಗೆ ಬರುವ ಶುಲ್ಕ ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಗೆ ಸೇರಿದರೆ ಅದನ್ನು ಮತ್ತೆ ಯಂತ್ರಕ್ಕೆ ತರಲು ಇನ್ನೊಂದು ಕಡತ ಬೇಕು. ಆ ಶುಲ್ಕ ಉಪಕರಣ ಕೇಂದ್ರದ ಪ್ರತ್ಯೇಕ ಆವರ್ತ ನಿಧಿಯಲ್ಲೇ (ಬಂದ ಹಣವನ್ನು ಮತ್ತೆ ಅದೇ ಕೆಲಸಕ್ಕೆ ಬಳಸುವ ನಿಧಿ) ಉಳಿಯಲಿ, ಲೆಕ್ಕಪರಿಶೋಧನೆ ವರ್ಷವರ್ಷವೂ ನಡೆಯಲಿ. ಆ ನಿಧಿಯಿಂದ ಹೀಲಿಯಂ, ಸಾರಜನಕ, ಫಿಲಮೆಂಟ್, ಯುಪಿಎಸ್ ಬ್ಯಾಟರಿ ತರಿಸಲು ಉಪಕರಣ ಕೇಂದ್ರದ ಸಂಯೋಜಕರ ಸಹಿಯೊಂದೇ ಸಾಕು ಎಂದು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಒಂದು ನಿರ್ಣಯ ಮಾಡಬಹುದು. ಅದಕ್ಕೆ ಕೇಂದ್ರ ಸರ್ಕಾರದ ಅನುದಾನ ಕಾಯಬೇಕಿಲ್ಲ.

– ಉಪಕರಣ ಕೇಂದ್ರಗಳ ಕೆಲವು ತಂತ್ರಜ್ಞರು, ಮೈಸೂರು